ಡಿಸೈನ್ ಆಫೀಸಿಗೆ ಕಡಿಮೆ ಬೆಲೆಯ ಕಂಪ್ಯೂಟರ್: ಯಾವ ಭಾಗಕ್ಕೆ ಎಷ್ಟು ದುಡ್ಡು ಹಾಕಬೇಕು?

ನಮ್ಮ ಚಿಕ್ಕಪ್ಪನ ಮಗಳು ಸಾಗರದಲ್ಲಿ ಸಣ್ಣದೊಂದು ಡಿಸೈನ್ ಆಫೀಸು ತೆರೆಯಲು ಹೊರಟಿದ್ದಾಳೆ. ಮದುವೆ ಕರೆಯೋಲೆ, ಅಂಗಡಿ ಬೋರ್ಡು, ಜಾತ್ರೆಯ ಬ್ಯಾನರು, ಅಡಿಕೆ ಪ್ಯಾಕೆಟ್ಟಿನ ಲೇಬಲ್ಲು, ನಡುನಡುವೆ ಮದುವೆ ವಿಡಿಯೊ ಎಡಿಟಿಂಗು. ಮೊನ್ನೆ ಫೋನ್ ಮಾಡಿ, "ಅಣ್ಣಾ, ಕೊಟೇಶನ್ ಕಳಿಸಿದ್ದೀನಿ, ಒಂಚೂರು ನೋಡಿ ಹೇಳು" ಅಂದಳು.

ನೋಡಿದೆ. ಪಟ್ಟಿಯ ಮೇಲ್ಗಡೆ ದೊಡ್ಡ ಪ್ರೊಸೆಸರ್, ಅದರ ಕೆಳಗೆ ಗ್ರಾಫಿಕ್ಸ್ ಕಾರ್ಡ್. ಅರ್ಧಕ್ಕಿಂತ ಜಾಸ್ತಿ ದುಡ್ಡು ಅಲ್ಲೇ ಖಾಲಿ. ಕೊನೆಯಲ್ಲಿ 8 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಫೈಲು ಹಿಡಿದಿಟ್ಟುಕೊಳ್ಳುವ ತಾತ್ಕಾಲಿಕ ಮೆಮೊರಿ), 19 ಇಂಚಿನ ಮಾನಿಟರ್, 'ಎಸ್‌ಎಂಪಿಎಸ್ ಸಮೇತ ಕ್ಯಾಬಿನೆಟ್', ಅಂದರೆ ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಡಬ್ಬಿಯೂ ಸೇರಿದ ಪೆಟ್ಟಿಗೆ. ಯುಪಿಎಸ್ ಹೆಸರೇ ಇರಲಿಲ್ಲ. ಸಾಗರದ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಆಫೀಸು ನಡೆಸುವುದು ಹೇಗೆ?

ಶಿವಮೊಗ್ಗದಲ್ಲಿ ನಾನು ಹದಿನೈದು ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದವನು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮೊದಲು ಮಾನಿಟರ್, ರ‍್ಯಾಮ್ ಮತ್ತು ಕರೆಂಟಿನ ವ್ಯವಸ್ಥೆಗೆ ದುಡ್ಡು ತೆಗೆದಿಡಿ. ಉಳಿದಿದ್ದರಲ್ಲಿ ಪ್ರೊಸೆಸರ್ ನೋಡಿ. ಗ್ರಾಫಿಕ್ಸ್ ಕಾರ್ಡ್ ಕೊನೆಗೆ, ಅದೂ ಕೆಲಸ ಕೇಳಿದರೆ ಮಾತ್ರ.

ರೂಪಾಯಿ ಲೆಕ್ಕ ಬರೆಯುತ್ತಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ ರೀತಿ ನೋಡಿದರೆ ಇವತ್ತಿನ ರೇಟು ಮುಂದಿನ ತಿಂಗಳಿಗೆ ಉಪಯೋಗಕ್ಕೆ ಬರುವುದಿಲ್ಲ. ಪಾಲಿನ ಲೆಕ್ಕದಲ್ಲಿ ಹೇಳುವುದಾದರೆ, ನೂರು ರೂಪಾಯಿಯಲ್ಲಿ ಹೆಚ್ಚುಕಡಿಮೆ 22 ಮಾನಿಟರ್‌ಗೆ, 33 ಪ್ರೊಸೆಸರ್ ಮತ್ತು ಮದರ್‌ಬೋರ್ಡಿಗೆ, 18 ರ‍್ಯಾಮ್‌ಗೆ, 11 ಎಸ್‌ಎಸ್‌ಡಿಗೆ (ಫೈಲುಗಳನ್ನು ಖಾಯಂ ಇಡುವ ಡಿಸ್ಕು), 9 ಎಸ್‌ಎಂಪಿಎಸ್ ಮತ್ತು ಕ್ಯಾಬಿನೆಟ್ಟಿಗೆ, 7 ಯುಪಿಎಸ್‌ಗೆ. ರ‍್ಯಾಮ್ ಇನ್ನೂ ದುಬಾರಿಯಾದರೆ ಪ್ರೊಸೆಸರ್ ಪಾಲಿನಿಂದ ಕಿತ್ತು ಕೊಡಿ, ಮಾನಿಟರ್ ಪಾಲಿಗೆ ಕೈ ಹಾಕಬೇಡಿ.

ಮಾನಿಟರ್

ಕೆಲವು ವರ್ಷದ ಹಿಂದೆ ರಾಶಿ ಇಡಿ ಅಡಿಕೆಯ ಪ್ಯಾಕೆಟ್ಟಿಗೆ ಒಂದು ಲೇಬಲ್ ಮಾಡಿದ್ದೆ. ಬೇಯಿಸಿ ಒಣಗಿಸಿದ ಅಡಿಕೆಯ ಆ ಕೆಂಪು ನಿಮಗೆ ಗೊತ್ತಲ್ವಾ? ಕಂದೂ ಅಲ್ಲ, ಕೆಂಪೂ ಅಲ್ಲ, ಚೊಗರಿನ (ಅಡಿಕೆ ಬೇಯಿಸಿದ ರಸದ) ಹೊಳಪು ಇರುವ ಬಣ್ಣ. ಅಡಿಕೆ ಬೆಳೆಗಾರ ಅದನ್ನು ಕಣ್ಣಲ್ಲೇ ತೂಗುತ್ತಾನೆ. ನನ್ನ ಮಾನಿಟರಿನಲ್ಲಿ ಚೆನ್ನಾಗಿಯೇ ಕಂಡಿತ್ತು. ಪ್ರಿಂಟಾಗಿ ಬಂದಾಗ ಹಳೇ ಇಟ್ಟಿಗೆಯ ಬಣ್ಣ. ಸಾವಿರಾರು ಲೇಬಲ್ಲು ಮತ್ತೆ ಹಾಕಿಸಿ ಕೊಡಬೇಕಾಯಿತು. ಆಮೇಲೆ ಕೂತು ನೋಡಿದರೆ, ಕುರ್ಚಿಯಲ್ಲಿ ನೆಟ್ಟಗೆ ಕೂತಾಗ ಒಂದು ಬಣ್ಣ, ಸ್ವಲ್ಪ ಬಗ್ಗಿದರೆ ಇನ್ನೊಂದು ಬಣ್ಣ. ಅದು ಟಿಎನ್ ಅನ್ನುವ ಬಗೆಯ ಪ್ಯಾನೆಲ್ (ತೆರೆ) ಇರುವ ಮಾನಿಟರ್. ಯಾವ ಬಣ್ಣ ನಿಜ ಅಂತ ಅದನ್ನೇ ಕೇಳುವ ಹಾಗಿಲ್ಲ.

ಕಡಿಮೆ ಬೆಲೆಯಲ್ಲಿ ಮೂರು ಬಗೆಯ ಪ್ಯಾನೆಲ್ ಸಿಗುತ್ತವೆ. ಟಿಎನ್ ಅಗ್ಗ, ಡಿಸೈನಿಗೆ ಬೇಡವೇ ಬೇಡ. ವಿಎಯಲ್ಲಿ ಕಪ್ಪು ಚೆನ್ನಾಗಿ ಕಪ್ಪಾಗಿರುತ್ತದೆ, ಸಿನಿಮಾ ನೋಡಲು ಚಂದ. ಆದರೆ ಪಕ್ಕದಿಂದ ನೋಡಿದರೆ ಬಣ್ಣ ಸ್ವಲ್ಪ ತೊಳೆದಂತೆ ಕಾಣುತ್ತದೆ. ಗಿರಾಕಿ ಪಕ್ಕದ ಕುರ್ಚಿಯಲ್ಲಿ ಕೂತು ಡಿಸೈನ್ ನೋಡುತ್ತಾರೆ, ಅದನ್ನು ಮರೆಯಬಾರದು. ಐಪಿಎಸ್ ಪ್ಯಾನೆಲ್ಲಿನಲ್ಲಿ ನಿಮಗೂ ಅವರಿಗೂ ಹೆಚ್ಚುಕಡಿಮೆ ಒಂದೇ ಬಣ್ಣ ಕಾಣುತ್ತದೆ. ನಮ್ಮ ಕೆಲಸಕ್ಕೆ ಅದೇ ಸರಿ.

ಐಪಿಎಸ್ ಅಂತ ಬರೆದಿದ್ದರೆ ಸಾಕಾಗುವುದಿಲ್ಲ. 'ಎಸ್‌ಆರ್‌ಜಿಬಿ 99%' ಅಥವಾ '100%' ಅಂತ ಇದೆಯಾ ನೋಡಿ. ತೆರೆ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವುದಕ್ಕೆ ಎಸ್‌ಆರ್‌ಜಿಬಿ ಒಂದು ಅಳತೆ, ಎನ್‌ಟಿಎಸ್‌ಸಿ ಇನ್ನೊಂದು. ಕೆಲವು ಅಗ್ಗದ ಮಾನಿಟರುಗಳಲ್ಲಿ '45% ಎನ್‌ಟಿಎಸ್‌ಸಿ' ಅಂತ ಇರುತ್ತದೆ. ಅದು ಎಸ್‌ಆರ್‌ಜಿಬಿಯ ಮೂರನೇ ಎರಡು ಭಾಗದ ಹತ್ತಿರ ಮಾತ್ರ. ಕುಂಕುಮದ ಕೆಂಪು, ಭತ್ತದ ಗದ್ದೆಯ ಹಸಿರು ಎರಡೂ ಸಪ್ಪೆಯಾಗುತ್ತವೆ. '72% ಎನ್‌ಟಿಎಸ್‌ಸಿ' ಅಂತ ಇದ್ದರೆ ಸರಿಸುಮಾರು ಪೂರ್ತಿ ಎಸ್‌ಆರ್‌ಜಿಬಿ ಅಂದುಕೊಳ್ಳಬಹುದು.

ಅಳತೆ? 24 ಇಂಚಿಗೆ ಫುಲ್ ಎಚ್‌ಡಿ (1920×1080 ಪಿಕ್ಸೆಲ್) ಹಾಕಿದರೆ ಒಂದು ಇಂಚಿಗೆ ಸುಮಾರು 92 ಪಿಕ್ಸೆಲ್. 27 ಇಂಚಿಗೆ 1440ಪಿ (2560×1440 ಪಿಕ್ಸೆಲ್) ಹಾಕಿದರೆ ಸುಮಾರು 109. ಎರಡೂ ಒಳ್ಳೆಯವೇ. ಆದರೆ 27 ಇಂಚಿಗೆ ಫುಲ್ ಎಚ್‌ಡಿ ಅಂದರೆ ಬರೀ 82. ಒತ್ತಕ್ಷರ, ಅರ್ಕಾವೊತ್ತು ಎಲ್ಲಾ ಒಡೆದಂತೆ ಕಾಣುತ್ತವೆ. ಕನ್ನಡ ಅಕ್ಷರ ಜೋಡಿಸುವವರು ಅದನ್ನು ತೆಗೆದುಕೊಳ್ಳಬೇಡಿ. ದುಡ್ಡು ಕಡಿಮೆ ಇದ್ದರೆ ಒಳ್ಳೆಯ 24 ಇಂಚಿನದು ಸಾಕು.

ಅಂಗಡಿಗೆ ಹೋಗುವಾಗ ಒಂದು ಕೆಲಸ ಮಾಡಿ. ಚೆನ್ನಾಗಿ ಪ್ರಿಂಟಾದ ಹಳೆಯ ಕರೆಯೋಲೆ ಒಂದನ್ನು, ಅದರ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ. ಅರಿಶಿನ ಬಣ್ಣವೂ ಕುಂಕುಮ ಬಣ್ಣವೂ ಇರುವಂಥದ್ದು. ತೆರೆಯ ಪಕ್ಕ ಕಾಗದ ಹಿಡಿದು ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಇನ್ನೊಂದು, ಇದು ನಮ್ಮ ಕಡೆಯವರಿಗೇ ಹೇಳಬೇಕಾದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನ ಕೋಣೆಗಳಲ್ಲಿ ಹಗಲಲ್ಲೂ ಕತ್ತಲೆ. ಬೇಸಿಗೆಯಲ್ಲಿ ಇಟ್ಟ ಬ್ರೈಟ್‌ನೆಸ್ಸೇ ಆಗಲೂ ಇದ್ದರೆ ತೆರೆ ಪಳಪಳ ಹೊಳೆಯುತ್ತದೆ. ನಾವು ಫೋಟೊವನ್ನು ಕಪ್ಪು ಮಾಡುತ್ತಾ ಹೋಗುತ್ತೇವೆ, ಪ್ರಿಂಟು ಮಸಿ ಬಳಿದಂತೆ ಬರುತ್ತದೆ. ಮಳೆ ಹಿಡಿದ ದಿನ ಮಾನಿಟರ್ ಬೆಳಕು ಇಳಿಸಿ, ಕೋಣೆಯಲ್ಲಿ ಒಂದು ಬಿಳಿ ದೀಪ ಖಾಯಂ ಹಚ್ಚಿಡಿ.

ರ‍್ಯಾಮ್

5×7 ಇಂಚಿನ ಕರೆಯೋಲೆ, 300 ಡಿಪಿಐ (ಒಂದು ಇಂಚಿಗೆ 300 ಪಿಕ್ಸೆಲ್). ಅಂದರೆ 1500 ಪಿಕ್ಸೆಲ್ ಅಗಲ, 2100 ಎತ್ತರ. ಸಿಎಂವೈಕೆಯಲ್ಲಿ (ಪ್ರಿಂಟಿನ ನಾಲ್ಕು ಶಾಯಿಯ ಲೆಕ್ಕದಲ್ಲಿ) ಒಂದು ಪಿಕ್ಸೆಲ್ಲಿಗೆ 4 ಬೈಟ್. ಒಂದು ಲೇಯರ್ ಸುಮಾರು 12.6 ಎಂಬಿ.

ಈಗ ಜಾತ್ರೆಯ ಬ್ಯಾನರ್ ತೆಗೆದುಕೊಳ್ಳಿ. 10×20 ಅಡಿ, ಬರೀ 72 ಡಿಪಿಐ. 8640 ಪಿಕ್ಸೆಲ್ ಒಂದು ಕಡೆ, 17280 ಇನ್ನೊಂದು ಕಡೆ. ಒಂದೇ ಒಂದು ತುಂಬಿದ ಲೇಯರ್ ಸುಮಾರು 597 ಎಂಬಿ. ಕರೆಯೋಲೆಯ 47 ಪಟ್ಟು! ಅದರ ಮೇಲೆ ದೇವರ ಫೋಟೊ, ಸಮಿತಿಯವರ ಹತ್ತು ಮುಖ, ನೆರಳು, ಹೊಳಪು. ಫೋಟೊಶಾಪ್ ಹಿಂದಿನ ಹೆಜ್ಜೆಗಳನ್ನೂ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. 8 ಜಿಬಿ ಎಲ್ಲಿ ಸಾಕಾಗುತ್ತದೆ? ರ‍್ಯಾಮ್ ತುಂಬಿದ ಮೇಲೆ ಅದು ಡಿಸ್ಕಿನಲ್ಲಿ ಬರೆಯಲು ಶುರು ಮಾಡುತ್ತದೆ, ಮೌಸ್ ಬಾಣ ಗಿರಗಿರ ತಿರುಗುತ್ತಾ ನಿಲ್ಲುತ್ತದೆ. ಎಷ್ಟೇ ದೊಡ್ಡ ಪ್ರೊಸೆಸರ್ ಇದ್ದರೂ ಅಲ್ಲಿ ಕಾಯಲೇಬೇಕು.

ಕರೆಯೋಲೆ, ಲೆಟರ್‌ಹೆಡ್, ವಿಸಿಟಿಂಗ್ ಕಾರ್ಡ್ ಮಾತ್ರ ಮಾಡುವವರಿಗೆ 16 ಜಿಬಿ. ಬ್ಯಾನರ್, ವಿಡಿಯೊ ಇದ್ದರೆ 32. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಹಳೆಯ ಪೇಜ್‌ಮೇಕರಿನಲ್ಲಿ ಪುಟ ಕಟ್ಟುವವರಿಗೆ ಇಷ್ಟೆಲ್ಲಾ ಬೇಕಿಲ್ಲ. ಪೇಜ್‌ಮೇಕರ್ 7 ಬಂದದ್ದೇ 2001ರಲ್ಲಿ, ಅದು ಈಗಿನ ಯಾವ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ.

ಒಂದು ವಿನಂತಿ. 20 ಅಡಿ ಬ್ಯಾನರನ್ನು 300 ಡಿಪಿಐಯಲ್ಲಿ ಮಾಡಬೇಡಿ. ಒಂದು ಲೇಯರ್ 10 ಜಿಬಿ ದಾಟುತ್ತದೆ. ಫೋಟೊಶಾಪಿನ ಪಿಎಸ್‌ಡಿ ಫೈಲ್ ಒಂದು ಬದಿಗೆ 30,000 ಪಿಕ್ಸೆಲ್ ಮೀರಿದರೆ ಸೇವ್ ಕೂಡ ಆಗುವುದಿಲ್ಲ, ದೊಡ್ಡ ಫೈಲಿಗೆಂದೇ ಇರುವ ಪಿಎಸ್‌ಬಿ ಮಾಡಬೇಕು. ರಸ್ತೆಯ ಆಚೆ ನಿಂತು ನೋಡುವ ಬ್ಯಾನರಿಗೆ 72 ಧಾರಾಳ. ಈ ಒಂದು ಅಭ್ಯಾಸ ಬದಲಿಸಿಕೊಂಡು ಹೊಸ ಕಂಪ್ಯೂಟರ್ ಖರ್ಚು ಮುಂದೂಡಿದವರು ನನಗೆ ಗೊತ್ತು.

16ರ ಒಂದೇ ಕಡ್ಡಿಯೋ, 8ರ ಎರಡೋ? ಇಂಟೆಲ್ ಪ್ರೊಸೆಸರ್ ಹಾಕುವುದಾದರೆ, ಇನ್ನಾರು ತಿಂಗಳಲ್ಲಿ ಇನ್ನೊಂದು 16 ಸೇರಿಸುವ ಯೋಚನೆ ಇದ್ದರೆ ಒಂದೇ ಕಡ್ಡಿ ತೆಗೆದುಕೊಳ್ಳಿ. ಎಎಂಡಿ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ನಂಬಿಕೊಂಡು ಕೆಲಸ ಮಾಡುವುದಾದರೆ ಎರಡು ಕಡ್ಡಿ. ಅದು ರ‍್ಯಾಮನ್ನೇ ತನ್ನ ಮೆಮೊರಿಯಾಗಿ ಬಳಸುತ್ತದೆ. ಎರಡು ದಾರಿಯಲ್ಲಿ ಡೇಟಾ ಬಂದರೆ ಅದಕ್ಕೆ ಉಸಿರಾಟ ಸಲೀಸು.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಕಡಿಮೆ ಬೆಲೆಯಲ್ಲಿ ನಾನು ಹೋಲಿಸಿ ನೋಡಿದ್ದು ಮೂರು. ಇಂಟೆಲ್ ಐ5-12400, ಎಎಂಡಿ ರೈಜನ್ 5 5600ಜಿ, ರೈಜನ್ 5 8600ಜಿ. ಮೂರಕ್ಕೂ 6 ಕೋರ್ (ಕೆಲಸ ಮಾಡುವ ಘಟಕ), 12 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ). ಮೂರರಲ್ಲೂ ಗ್ರಾಫಿಕ್ಸ್ ಒಳಗೇ ಇದೆ.

5600ಜಿ 2021ರದ್ದು. ಹಳೆಯ ಎಎಂ4 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ), ಡಿಡಿಆರ್4 ರ‍್ಯಾಮ್. ಬೋರ್ಡು ಅಗ್ಗ. ಒಳಗಿನ ವೇಗಾ ಗ್ರಾಫಿಕ್ಸ್ ಇಂಟೆಲ್‌ನ ಯುಎಚ್‌ಡಿ 730ಕ್ಕಿಂತ ಗಟ್ಟಿ. ಆದರೆ ಅದು ಪಿಸಿಐಇಯ (ಎಸ್‌ಎಸ್‌ಡಿ, ಕಾರ್ಡುಗಳ ಡೇಟಾ ಓಡಾಡುವ ದಾರಿಯ) 3ನೇ ತಲೆಮಾರಿನಲ್ಲೇ ನಿಲ್ಲುತ್ತದೆ. 4ನೇ ತಲೆಮಾರಿನ ಎಸ್‌ಎಸ್‌ಡಿ ತಂದು ಹಾಕಿದರೂ 3ರ ವೇಗದಲ್ಲೇ ಓಡುತ್ತದೆ, ಆ ದುಡ್ಡು ಸುಮ್ನೆ ಹೋಗುತ್ತದೆ.

12400 ಬಂದದ್ದು 2022ರ ಜನವರಿಯಲ್ಲಿ. ಕೋರೆಲ್‌ಡ್ರಾ, ಫೋಟೊಶಾಪ್ ಹೆಚ್ಚಿನ ಕೆಲಸವನ್ನು ಒಂದೆರಡು ಕೋರಿನ ಮೇಲೇ ಹೇರುತ್ತವೆ. ಒಂದೊಂದು ಕೋರಿನ ವೇಗ ನೋಡಿದರೆ ಇದು 5600ಜಿಗಿಂತ ಮುಂದೆ. ಇನ್ನೊಂದು ದೊಡ್ಡ ಅನುಕೂಲ ವಿಡಿಯೊದಲ್ಲಿ. ಇದರ ಕ್ವಿಕ್ ಸಿಂಕ್ (ವಿಡಿಯೊ ಬಿಡಿಸಲೆಂದೇ ಗ್ರಾಫಿಕ್ಸಿನಲ್ಲಿರುವ ಭಾಗ), ಈಗಿನ ಕ್ಯಾಮೆರಾಗಳ ಭಾರದ 10 ಬಿಟ್ 4:2:2 ಎಚ್.265 ವಿಡಿಯೊ ಫೈಲನ್ನೂ ತಾನೇ ಬಿಡಿಸುತ್ತದೆ. ಮದುವೆ ವಿಡಿಯೊ ಟೈಮ್‌ಲೈನಿನಲ್ಲಿ ತಡವರಿಸದೆ ಓಡುವುದು ಅದರಿಂದಲೇ.

8600ಜಿ 2024ರ ಜನವರಿಯದ್ದು, ಎಎಂ5 ಸಾಕೆಟ್, ಡಿಡಿಆರ್5 ಮಾತ್ರ. ಮೂರರಲ್ಲಿ ಒಳಗಿನ ಗ್ರಾಫಿಕ್ಸ್ ಇದರದ್ದೇ ಬಲ. ಎಎಂ5ಗೆ 2027ರವರೆಗಾದರೂ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ. 12400ನ ಸಾಕೆಟ್ ಇಂಟೆಲ್ 14ನೇ ತಲೆಮಾರಿಗೇ ಮುಗಿಯಿತು. ಮುಂದೆ ಬೋರ್ಡು ಉಳಿಸಿಕೊಂಡು ಪ್ರೊಸೆಸರ್ ಮಾತ್ರ ಬದಲಿಸುವ ಆಸೆ ಇದ್ದವರಿಗೆ 8600ಜಿ. ಆದರೆ ಬೋರ್ಡೂ ರ‍್ಯಾಮೂ ಎರಡೂ ದುಬಾರಿ.

ತಂಗಿಗೆ ನಾನು ಹೇಳಿದ್ದು 12400, ಬಿ760 ಬೋರ್ಡು, ಡಿಡಿಆರ್4. ವಿಡಿಯೊ ಮಾಡದೆ ಬರೀ ಪ್ರಿಂಟ್ ಕೆಲಸ ಆಗಿದ್ದರೆ 5600ಜಿ ಅಂತಲೇ ಹೇಳುತ್ತಿದ್ದೆ. ಬೋರ್ಡಿನಲ್ಲಿ ಎಚ್610 ಅಗ್ಗ, ಆದರೆ ರ‍್ಯಾಮಿಗೆ ಎರಡೇ ಜಾಗ. ಬಿ760ಯಲ್ಲಿ ನಾಲ್ಕು ಜಾಗ ಇರುವುದನ್ನು ಆರಿಸಿ. ಡಿಡಿಆರ್4 ಬೋರ್ಡಿಗೆ ಡಿಡಿಆರ್5 ಕಡ್ಡಿ ಕೂರುವುದಿಲ್ಲ, ಬಿಲ್ ಹಾಕಿಸುವ ಮೊದಲು ಎರಡನ್ನೂ ತಾಳೆ ನೋಡಿ.

ಕೊಟೇಶನ್ನಿನಲ್ಲಿ ಒಂದು ಅಕ್ಷರದ ಮೇಲೆ ಕಣ್ಣಿರಲಿ. '12400ಎಫ್' ಅಂತ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಬೆಲೆ ಕಡಿಮೆ ಅಂತ ತಂದರೆ ಕಾರ್ಡ್ ಕೊಳ್ಳುವ ತನಕ ಮಾನಿಟರ್ ಹತ್ತುವುದೇ ಇಲ್ಲ. ಕ್ವಿಕ್ ಸಿಂಕ್ ಕೂಡ ಹೋಯಿತು.

ಗ್ರಾಫಿಕ್ಸ್ ಕಾರ್ಡ್ ಬೇಕಾ?

"ಡಿಸೈನ್ ಅಂದಮೇಲೆ ಕಾರ್ಡ್ ಬೇಕೇ ಬೇಕು ಅಂತಾರಲ್ಲ ಅಣ್ಣಾ" ಅಂದಳು. ಯಾವ ಡಿಸೈನ್ ಅನ್ನುವುದರ ಮೇಲೆ ನಿಂತಿದೆ.

ಕೋರೆಲ್‌ನಲ್ಲಿ ಲೇಬಲ್, ಕರೆಯೋಲೆ, ಬೋರ್ಡು ಮಾಡುವವರಿಗೆ ಬೇಡ. ಫೋಟೊಶಾಪಿನಲ್ಲೂ ಜೂಮ್ ಮಾಡುವುದು, ಸರಿಸುವುದು, ಕೆಲವು ಫಿಲ್ಟರ್‌ಗಳು ಕಾರ್ಡ್ ಬಳಸುತ್ತವೆ ನಿಜ. ದಿನದ ಕೆಲಸಕ್ಕೆ ಒಳಗಿನ ಗ್ರಾಫಿಕ್ಸೇ ಸಾಕಾಗುತ್ತದೆ. ಮದುವೆ ಫೋಟೊಗಳನ್ನು ನೂರಾರು ಸಂಖ್ಯೆಯಲ್ಲಿ ಎಐ ಡಿನಾಯ್ಸ್ (ಫೋಟೊದ ಕಾಳುಕಾಳು ತೆಗೆಯುವುದು) ಮಾಡುವವರಿಗೆ ಮಾತ್ರ ಕಾರ್ಡ್ ಗಂಟೆಗಟ್ಟಲೆ ಸಮಯ ಉಳಿಸುತ್ತದೆ.

ಮನೆ ಪ್ಲಾನ್, ಹೋಂಸ್ಟೇ ಎಲಿವೇಶನ್ ಮಾಡುವವರ ಕಥೆ ಬೇರೆ. ಆಟೋಕ್ಯಾಡ್‌ನ ಎರಡು ಆಯಾಮದ ಗೆರೆ ಕೆಲಸಕ್ಕೆ ಕಾರ್ಡ್ ಬೇಡ. ಸ್ಕೆಚ್‌ಅಪ್‌ನಲ್ಲಿ ಕಟ್ಟಿ ಎನ್‌ಸ್ಕೇಪ್, ಲ್ಯೂಮಿಯನ್‌ನಂಥದ್ದರಲ್ಲಿ ನಿಜದ ಮನೆಯಂತೆ ತೋರಿಸುವುದಿದ್ದರೆ ಕಾರ್ಡ್ ಇಲ್ಲದೆ ಆಗುವುದೇ ಇಲ್ಲ. ಅವರು ಶುರುವಿನಲ್ಲೇ ಅದಕ್ಕೆ ದುಡ್ಡು ಇಡಬೇಕು, ಮೇಲಿನ ನನ್ನ ಪಾಲಿನ ಲೆಕ್ಕ ಅವರಿಗೆ ಹೊಂದುವುದಿಲ್ಲ.

ಕೊಳ್ಳುವುದಾದರೆ ಜಿಟಿಎಕ್ಸ್ 1650ಗಿಂತ ಆರ್‌ಟಿಎಕ್ಸ್ 3050ಯ 6 ಜಿಬಿ ಮಾದರಿ ವಾಸಿ. ಅದಕ್ಕೆ 70 ವ್ಯಾಟ್ ಸಾಕು, ಬೇರೆ ಪವರ್ ಕೇಬಲ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. 1650ರಲ್ಲಿ ಇರುವುದು 4 ಜಿಬಿ ಮಾತ್ರ. ಒಂದು ವರ್ಷ ದುಡಿದು, ಕೆಲಸ ಯಾವ ಕಡೆ ವಾಲುತ್ತದೆ ನೋಡಿಕೊಂಡು ಕಾರ್ಡ್ ಹಾಕಿಸಿದರೂ ಆಗುತ್ತದೆ, ಸ್ಲಾಟ್ ಎಲ್ಲೂ ಹೋಗುವುದಿಲ್ಲ.

ಎಸ್‌ಎಸ್‌ಡಿ

ಹಾರ್ಡ್‌ಡಿಸ್ಕ್ ಒಂದು ಸೆಕೆಂಡಿಗೆ 150ರಿಂದ 200 ಎಂಬಿ. ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ 550ರ ಹತ್ತಿರ. ಬೋರ್ಡಿಗೇ ಕೂರುವ 3ನೇ ತಲೆಮಾರಿನ ಎನ್‌ವಿಎಂಇ ಎಸ್‌ಎಸ್‌ಡಿ 3500ರ ಹತ್ತಿರ. ಹಾರ್ಡ್‌ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ ಆಗುವ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ. ಅಲ್ಲಿಂದ ಮೇಲೆ ದಿನದ ಕೆಲಸದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. 1 ಟಿಬಿಯ 3ನೇ ತಲೆಮಾರಿನ ಎನ್‌ವಿಎಂಇ ಸಾಕು. ಚಿಪ್ಪಿನ ಬಗೆಯಲ್ಲಿ ಕ್ಯೂಎಲ್‌ಸಿ ಬಿಟ್ಟು, ಹೆಚ್ಚು ಬಾಳುವ ಟಿಎಲ್‌ಸಿ ಕೇಳಿ. ಹಳೆಯ ಕೆಲಸಗಳನ್ನು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇಡಿ, ಸಂಜೆ ಕಾಪಿ ಮಾಡಿ ಕೇಬಲ್ ಕಿತ್ತಿಡಿ.

ಕರೆಂಟು, ಸಿಡಿಲು, ತೇವ

ಮಲೆನಾಡಿನಲ್ಲಿ ಕಂಪ್ಯೂಟರ್ ಹಾಳಾಗುವುದು ಹೆಚ್ಚಾಗಿ ಇಲ್ಲಿಂದ. ಒಂದು ಮರದ ಕೊಂಬೆ ಲೈನಿನ ಮೇಲೆ ಬಿದ್ದರೆ ಕರೆಂಟು ಹೋಗುವ ಮೊದಲು ನಾಲ್ಕು ಸಲ ಮಿಣಮಿಣ ಅನ್ನುತ್ತದೆ. ಆ ನಾಲ್ಕು ಹೊಡೆತವನ್ನು ತಡೆದುಕೊಳ್ಳಬೇಕಾದ್ದು ಎಸ್‌ಎಂಪಿಎಸ್.

ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಕೈಯಲ್ಲಿ ಹಿಡಿದು ನೋಡಿ, ಖಾಲಿ ಡಬ್ಬದ ಹಾಗೆ ಹಗುರ. ಮೇಲೆ 450 ವ್ಯಾಟ್ ಅಂತ ಬರೆದಿರುತ್ತದೆ. '80 ಪ್ಲಸ್ ಬ್ರಾಂಜ್' (ಕರೆಂಟು ಕಡಿಮೆ ಪೋಲು ಮಾಡುವುದು ಅನ್ನುವ) ಗುರುತಿನ 450 ಅಥವಾ 550 ವ್ಯಾಟಿನದನ್ನು ಬೇರೆಯಾಗಿಯೇ ಕೊಳ್ಳಿ. ಕಾರ್ಡ್ ಹಾಕುವ ಯೋಚನೆ ಇದ್ದರೆ 550.

ಯುಪಿಎಸ್ 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಕಾರ್ಡ್ ಇಲ್ಲದ ಯಂತ್ರ ಮತ್ತು ಒಂದು ಮಾನಿಟರಿಗೆ ಸಾಕು, ಫೈಲ್ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ. ಕಾರ್ಡ್ ಇದ್ದರೆ 1000 ವಿಎಗೆ ಹೋಗಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಚುಚ್ಚಲೇಬೇಡಿ. ಅದು ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟಿಗೆ ಯುಪಿಎಸ್ ಕೂಗಿ ಮಲಗುತ್ತದೆ. ಮನೆಯ ಇನ್ವರ್ಟರ್ ಇದೆ, ಯುಪಿಎಸ್ ಯಾಕೆ ಅನ್ನುವವರು ಅದರ ಹಿಂದೆ 'ಯುಪಿಎಸ್ ಮೋಡ್' ಸ್ವಿಚ್ ಇದೆಯಾ ನೋಡಿ. ಅದಿಲ್ಲದ ಇನ್ವರ್ಟರಿನಲ್ಲಿ ಕರೆಂಟು ಬದಲಾಗುವ ಹೊತ್ತಿಗೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತದೆ.

ಇದೆಲ್ಲಕ್ಕಿಂತ ಮೊದಲು ಅರ್ಥಿಂಗ್. ಕ್ಯಾಬಿನೆಟ್ಟಿನ ಹಿಂಬದಿಯ ಸ್ಕ್ರೂಗೆ ಬೆರಳು ತಾಗಿಸಿದಾಗ ಜುಮ್ ಅಂದರೆ ಅರ್ಥಿಂಗ್ ಸರಿ ಇಲ್ಲ. ಹಳೆಯ ಕಟ್ಟಡಗಳಲ್ಲಿ ಮೂರನೇ ತೂತಿಗೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿ, ಆಮೇಲೆ ಯಂತ್ರ ತನ್ನಿ. ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ರೌಟರಿನ ಅಡಾಪ್ಟರ್ ಕೂಡ ಕೀಳಿ. ನನ್ನ ಒಂದು ಬೋರ್ಡಿನ ನೆಟ್‌ವರ್ಕ್ ಪೋರ್ಟ್ ಸುಟ್ಟದ್ದು ರೌಟರಿನಿಂದ ಬಂದ ಲ್ಯಾನ್ ಕೇಬಲ್ ಮೂಲಕ.

ನೆಲ ಬೆವರುವ ಕಾಲದಲ್ಲಿ ಕ್ಯಾಬಿನೆಟ್ಟನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ಒಂದು ಮಣೆಯಾದರೂ ಇರಲಿ. ಹಿಂದಿನ ಖಾಲಿ ಸ್ಲಾಟುಗಳ ತಗಡು ಬಿಚ್ಚಿ ಬಿಸಾಡಬೇಡಿ, ಅಲ್ಲಿಂದಲೇ ಹಲ್ಲಿ, ಇರುವೆ ಒಳಗೆ ಹೋಗುವುದು. ಆಫೀಸು ರಜೆ ಇದ್ದರೂ ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆ ಯಂತ್ರ ಹಚ್ಚಿಡಿ, ಒಳಗಿನ ತೇವ ಆರುತ್ತದೆ.

ಸೆಕೆಂಡ್ ಹ್ಯಾಂಡ್, ಮತ್ತೆ ಎಲ್ಲಿ ಕೊಳ್ಳುವುದು

ಕಂಪನಿಗಳಿಂದ ಹೊರಬಿದ್ದ ಹಳೆಯ ಬ್ರಾಂಡೆಡ್ ಡೆಸ್ಕ್‌ಟಾಪುಗಳು ತುಂಬಾ ಅಗ್ಗಕ್ಕೆ ಸಿಗುತ್ತವೆ. ಇಂಟೆಲ್ 8ನೇ ತಲೆಮಾರಿಗಿಂತ ಹಿಂದಿನದಾದರೆ ಬೇಡ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಅಂಥ ಪ್ರೊಸೆಸರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಸಣ್ಣ ಡಬ್ಬದಂಥ ಮಾದರಿಗಳಲ್ಲಿ ಎಸ್‌ಎಂಪಿಎಸ್ ಕೂಡ ಕಂಪನಿಯದ್ದೇ ಅಳತೆ, ಹೋದರೆ ಹೊಂದುವುದು ಸಿಗುವುದು ಕಷ್ಟ. ಬಿಲ್ಲಿಂಗಿಗೆ, ಟೈಪಿಂಗಿಗೆ ಎರಡನೇ ಯಂತ್ರವಾಗಿ 8ನೇ ತಲೆಮಾರಿನದು ನಡೆಯುತ್ತದೆ.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಅಲ್ಲಿಂದಲೋ ಆನ್‌ಲೈನಿನಲ್ಲೋ ತರಿಸಬಹುದು, ಭಾರತದ ವಾರಂಟಿ ಮತ್ತು ಸೀಲಾದ ಡಬ್ಬ ಇದ್ದರೆ ಸಾಕು. ಮಾನಿಟರ್, ಎಸ್‌ಎಂಪಿಎಸ್, ಯುಪಿಎಸ್ ಮಾತ್ರ ಶಿವಮೊಗ್ಗದಲ್ಲೇ ತೆಗೆದುಕೊಳ್ಳಿ. ಕೆಟ್ಟಾಗ ನೆಹರೂ ರಸ್ತೆಗೋ ದುರ್ಗಿಗುಡಿಗೋ ಹೊತ್ತುಕೊಂಡು ಹೋಗುವುದು ಬೇರೆ, ಬೆಂಗಳೂರಿಗೆ ಪಾರ್ಸಲ್ ಮಾಡಿ ಕಾಯುವುದು ಬೇರೆ. ಜಿಎಸ್‌ಟಿ ನೋಂದಣಿ ಇದ್ದವರು ಬಿಲ್ಲಿನಲ್ಲಿ ನಿಮ್ಮ ನಂಬರ್ ಹಾಕಿಸಿ, ಕಟ್ಟಿದ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಪ್ರತಿ ಭಾಗದ ಸೀರಿಯಲ್ ನಂಬರೂ ಬಿಲ್ಲಿನಲ್ಲಿ ಇರಲಿ.

ಯಂತ್ರ ಬಂದ ದಿನ ತಂಗಿಗೆ ಒಂದೇ ಪರೀಕ್ಷೆ ಹೇಳಿದ್ದೇನೆ. 10×20ರ ಬ್ಯಾನರ್ ಫೈಲ್ ಒಂದನ್ನು ತೆರೆ. ಇಪ್ಪತ್ತು ಲೇಯರ್ ಹಾಕು. ಟಾಸ್ಕ್ ಮ್ಯಾನೇಜರಿನಲ್ಲಿ ರ‍್ಯಾಮ್ ಎಷ್ಟು ತುಂಬಿತು ನೋಡು. ಸೇವ್ ಮಾಡು. ಫೈಲ್ ತೆರೆದೇ ಇರುವಾಗ ಯುಪಿಎಸ್‌ನ ಗೋಡೆಯ ಸ್ವಿಚ್ ಆಫ್ ಮಾಡಿ ಗಡಿಯಾರ ನೋಡು. ಮಾನಿಟರ್ ಮಿಟುಕಿದರೆ, ಇಲ್ಲವೇ ಐದು ನಿಮಿಷದೊಳಗೆ ಎಲ್ಲಾ ಆರಿದರೆ, ಮರುದಿನವೇ ಬಿಲ್ ಹಿಡಿದು ಅಂಗಡಿಗೆ ಹೋಗು.